ಹೊಸ ಬಣ್ಣದ ಹಳೇ ಕಾರು

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ, ಜಗಳ ಆಮೇಲೆ ಆಡೋಣ :) ಹಳೇ ಪ್ರೀಮಿಯರ್ ಪದ್ಮಿನಿ ಕೊಳ್ಳೋಕೆ ಹೊರಟವರು, ಮೊನ್ನೆ ತಾನೇ ಬಣ್ಣ ಹೊಡೆಸಿಕೊಂಡು ಫಳಫಳ ಹೊಳೀತಿರೋ ಕಾರಿಗೆ ಹೆಚ್ಚು ದುಡ್ಡು ಕೊಡಬಾರದು. ಬಣ್ಣ ಮಾಸಿದ, ಅಲ್ಲಲ್ಲಿ ಗೀರು ಬಿದ್ದ, ಯಾರೂ ಕೈಯಾಡಿಸದ ಕಾರೇ ಹೆಚ್ಚು ಬೆಲೆ ಬಾಳೋದು. ಮಾರುಕಟ್ಟೆಯಲ್ಲಿ ನಡೀತಿರೋದು ಮಾತ್ರ ಇದಕ್ಕೆ ಪೂರ್ತಿ ಉಲ್ಟಾ.

ನಮ್ಮ ವಯಸ್ಸಿನ ಸಾಫ್ಟ್‌ವೇರ್ ಮಂದಿಗೆ ಈ ಹುಚ್ಚು ಜೋರಾಗಿ ಹಿಡಿದಿದೆ. ನನಗೂ ಹಿಡಿದಿದೆ, ಸುಳ್ಳು ಯಾಕೆ ಹೇಳಲಿ. ಮಾವನ ಪದ್ಮಿನಿಯಲ್ಲಿ ಏಳೆಂಟು ಜನ ತುರುಕಿಕೊಂಡು ಮದುವೆಗೆ ಹೋಗಿದ್ದು, ಸ್ಟೀರಿಂಗ್ ಪಕ್ಕದ ಗೇರು, ಸೀಟಿನ ರೆಕ್ಸಿನ್ ವಾಸನೆ... ಇಂಥ ನೆನಪಿಗೇ ಬೆಲೆ ಕಟ್ಟಿ ಮಾರೋರೂ ಹುಟ್ಟಿಕೊಂಡಿದ್ದಾರೆ. ವರ್ಷದ ಬೋನಸ್ಸು ಪೂರಾ ಹೋಗೋ ವ್ಯವಹಾರ ಇದು. ಹೋದರೆ ದುಡ್ಡು ಮಾತ್ರ ಹೋಗಲ್ಲ, ಆ ನೆನಪೂ ಕಹಿಯಾಗುತ್ತೆ.

ಮೊದಲು ಸ್ವಲ್ಪ ಹಿನ್ನೆಲೆ. ಫಿಯಟ್‌ನ ಲೈಸೆನ್ಸಿನಡಿ ಮುಂಬೈನ ಪ್ರೀಮಿಯರ್ ಆಟೋಮೊಬೈಲ್ಸ್ 1964ರಲ್ಲಿ ಫಿಯಟ್ 1100 ಡಿಲೈಟ್ ಅಂತ ಶುರು ಮಾಡಿದ ಕಾರು ಇದು. 1974ರಿಂದ ಪದ್ಮಿನಿ ಅನ್ನೋ ಹೆಸರು ಬಂತು. 1089 ಸಿಸಿ ಪೆಟ್ರೋಲ್ ಎಂಜಿನ್, ನಾಲ್ಕು ಗೇರು, ಹಿಂದಿನ ಚಕ್ರಕ್ಕೆ ಶಕ್ತಿ. ಮುಂಬೈನಲ್ಲಿ ಕೊನೆಯ ಪದ್ಮಿನಿ ಟ್ಯಾಕ್ಸಿ ನೋಂದಣಿಯಾಗಿದ್ದು 2003ರಲ್ಲಿ. 20 ವರ್ಷದ ಮಿತಿ ಮುಗಿದು 2023ರ ಅಕ್ಟೋಬರ್‌ನಲ್ಲಿ ಅದೂ ರಸ್ತೆ ಬಿಟ್ಟಿತು.

ಕೊಳ್ಳೋರಿಗೆ ಬೇಕಾದ ಮುಖ್ಯ ವಿಷಯ ಇನ್ನೊಂದಿದೆ. ಜೀಪಿಗಿರೋ ಹಾಗೆ ಪದ್ಮಿನಿಗೆ ಬೇರೆ ಚಾಸಿ ಇಲ್ಲ. ತಳದ ತಗಡು, ಬಾಗಿಲ ಕೆಳಗಿನ ಪಟ್ಟಿ, ಕಂಬಗಳು ಎಲ್ಲ ಸೇರಿ ಬೆಸುಗೆಯಾದ ಪೆಟ್ಟಿಗೆಯೇ ಅದರ ಬೆನ್ನೆಲುಬು. ಅಂಬಾಸಿಡರ್ ಕಥೆಯೂ ಇದೇ. ಹಾಗಾಗಿ ತಳಕ್ಕೆ ತುಕ್ಕು ಹಿಡಿದರೆ ಅದು ಅಂದಚಂದದ ಪ್ರಶ್ನೆಯಲ್ಲ, ಗೋಡೆಗೇ ಗೆದ್ದಲು ಹಿಡಿದ ಹಾಗೆ.

ಬಣ್ಣ ಮುಚ್ಚಿಡೋದು ಇದನ್ನೇ. ತುಕ್ಕು ತಿಂದ ಕಡೆ ಪುಟ್ಟಿ ಮೆತ್ತಿ, ತಿಕ್ಕಿ, ಮೇಲೆ ಬಣ್ಣ ಹೊಡೆದರೆ ಫೋಟೋದಲ್ಲಿ ರಾಜಕುಮಾರಿ. ಒಂದೆರಡು ಮಳೆಗಾಲ ಕಳೆದ ಮೇಲೆ ಬಾಗಿಲ ಅಂಚಿನಲ್ಲಿ ಗುಳ್ಳೆ ಏಳುತ್ತೆ. ಅಷ್ಟರಲ್ಲಿ ಮಾರಿದವನ ಫೋನು ಸ್ವಿಚ್ ಆಫ್.

ಪತ್ತೆ ಹಚ್ಚೋದು ಕಷ್ಟವೇನಲ್ಲ. ಫ್ರಿಜ್ಜಿಗೆ ಅಂಟಿಸೋ ಅಯಸ್ಕಾಂತವನ್ನು ತೆಳು ಬಟ್ಟೆಯಲ್ಲಿ ಸುತ್ತಿ ಮೊದಲು ಕಾರಿನ ಛಾವಣಿಗೆ ಹಿಡಿಯಿರಿ. ಅಲ್ಲಿ ಪುಟ್ಟಿ ಇರೋ ಸಾಧ್ಯತೆ ಕಡಿಮೆ, ಆ ಸೆಳೆತವೇ ನಿಮ್ಮ ಅಳತೆಗೋಲು. ಆಮೇಲೆ ಚಕ್ರದ ಮೇಲಿನ ಕಮಾನು, ಬಾಗಿಲ ಕೆಳಗಿನ ಪಟ್ಟಿ, ಡಿಕ್ಕಿಯ ಅಂಚು. ಎಲ್ಲಿ ಅಯಸ್ಕಾಂತ ಸಡಿಲವಾಗಿ ಜಾರುತ್ತೋ ಅಲ್ಲಿ ತಗಡಿಲ್ಲ, ಪುಟ್ಟಿ ಇದೆ. ಒಳಗಿನ ಮ್ಯಾಟು ಎತ್ತಿಸಿ. ಸ್ಟೆಪ್ನಿ ತೆಗೆಸಿ ಅದರ ಕೆಳಗೆ ನೋಡಿ. ಜಾಕ್ ಕೊಟ್ಟು ಒಂದು ಬದಿ ಎತ್ತಿಸಿ, ಆ ಬದಿಯ ಬಾಗಿಲು ತೆಗೆದು ಹಾಕಿ. ನೆಲದ ಮೇಲೆ ಸಲೀಸಾಗಿದ್ದ ಬಾಗಿಲು ಈಗ ಸಿಕ್ಕಿಕೊಂಡರೆ ಪೆಟ್ಟಿಗೆಯೇ ಬಾಗ್ತಿದೆ ಅಂತ ಅರ್ಥ. ಅಂಥ ಕಾರಿಗೆ ದೂರದಿಂದಲೇ ನಮಸ್ಕಾರ. ಮಾರೋರು ಇದಕ್ಕೆಲ್ಲ ಒಪ್ಪದಿದ್ದರೆ ಅದೂ ಒಂದು ಉತ್ತರವೇ.

ನಾವೆಲ್ಲ ಮೊದಲು ಬಾನೆಟ್ ಎತ್ತಿ ಎಂಜಿನ್ ನೋಡ್ತೀವಿ. ನನ್ನ ಪ್ರಕಾರ ಎಂಜಿನ್ ಕೊನೆಯಲ್ಲಿ ನೋಡಿದರೂ ನಡೆಯುತ್ತೆ. ದಶಕಗಟ್ಟಲೆ ಹೆಚ್ಚು ಬದಲಾಗದೆ ಬಂದ ಎಂಜಿನ್ ಅದು, ಬಿಚ್ಚಿ ಕಟ್ಟಬಲ್ಲ ಹಳೇ ಮೆಕ್ಯಾನಿಕ್‌ಗಳು ಇನ್ನೂ ಇದ್ದಾರೆ. ಬೆಂಗಳೂರಿನವರಾದರೆ ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿ ಸುತ್ತಬಹುದು. ಆದರೂ ಎರಡು ಪರೀಕ್ಷೆ ಬಿಡಬೇಡಿ. ನೀವು ಹೋಗೋ ಮೊದಲೇ ಕಾರು ಸ್ಟಾರ್ಟ್ ಮಾಡಿಟ್ಟಿದ್ದಾರಾ ಅಂತ ಬಾನೆಟ್ ಮುಟ್ಟಿ ನೋಡಿ, ತಣ್ಣಗಿದ್ದಾಗ ಸ್ಟಾರ್ಟ್ ಆಗೋದೇ ನಿಜವಾದ ಪರೀಕ್ಷೆ. ಎರಡನೆಯದು ಕಂಪ್ರೆಷನ್. ನಾಲ್ಕೂ ಸಿಲಿಂಡರಿನ ಅಳತೆ ಹತ್ತಿರ ಹತ್ತಿರ ಇರಬೇಕು. ಒಂದರಲ್ಲಿ ಕಡಿಮೆ ಬಂದರೆ ಪ್ಲಗ್ ತೂತಿನಿಂದ ಒಂದು ಚಮಚ ಎಣ್ಣೆ ಬಿಟ್ಟು ಮತ್ತೆ ಅಳೆಸಿ. ಅಳತೆ ಏರಿದರೆ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವ್ ಕಡೆ ಅನುಮಾನ. ನಾವು ಕೋಡ್ ಡೀಬಗ್ ಮಾಡೋದೂ ಹೀಗೇ ಅಲ್ವಾ? ಒಂದನ್ನು ಬದಲಾಯಿಸಿ, ಏನಾಗುತ್ತೆ ನೋಡೋದು.

ಇನ್ನು ಕಾಗದ. ಆರ್‌ಸಿಯಲ್ಲಿರೋ ಎಂಜಿನ್ ನಂಬರು, ಚಾಸಿ ನಂಬರು ಎರಡನ್ನೂ ಕಾರಿನ ಮೇಲಿನ ನಂಬರಿನ ಜೊತೆ ನೀವೇ ಕಣ್ಣಾರೆ ಹೋಲಿಸಿ. ಬೇರೆ ಎಂಜಿನ್ ಕೂರಿಸಿ ಆರ್‌ಸಿಯಲ್ಲಿ ಸೇರಿಸದೆ ಬಿಟ್ಟಿದ್ದರೆ ಆ ತಲೆನೋವು ನಿಮ್ಮದಾಗುತ್ತೆ. ನೋಂದಣಿ ನವೀಕರಣ ಯಾವಾಗ ಅಂತ ಕೇಳಿ. ಕಾರಿಗೆ 600 ರೂಪಾಯಿ ಇದ್ದ ಈ ಶುಲ್ಕ 2022ರ ಏಪ್ರಿಲ್‌ನಲ್ಲಿ 5,000 ಆಯ್ತು. 20 ವರ್ಷ ದಾಟಿದ ಕಾರಿಗೆ 2025ರ ಆಗಸ್ಟ್‌ನಲ್ಲಿ 10,000 ಮಾಡಿದರು. ಪದ್ಮಿನಿಗಳೆಲ್ಲ 20 ದಾಟಿದವೇ.

'ವಿಂಟೇಜ್' ಅನ್ನೋ ಪದಕ್ಕೂ ಮರುಳಾಗಬೇಡಿ. 2021ರ ಕೇಂದ್ರ ನಿಯಮದ ಪ್ರಕಾರ ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು, ಬಾಡಿ, ಚಾಸಿ, ಎಂಜಿನ್‌ನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಹಾಗೆ ನೋಂದಣಿ ಮಾಡಿಸಿದ ಕಾರನ್ನು ದಿನಾ ಆಫೀಸಿಗೆ ಓಡಿಸೋ ಹಾಗೂ ಇಲ್ಲ. 1992ರ ಪದ್ಮಿನಿಯನ್ನು ವಿಂಟೇಜ್ ಅಂತ ಮಾರೋದು ಬರೀ ಮಾತಿನ ಪಾಲಿಶ್.

ಹಾಗಾದರೆ ಬೆಲೆ ಕಟ್ಟೋದು ಹೇಗೆ? ಜಾಹೀರಾತಿನಲ್ಲಿರೋದು ಕೇಳೋ ಬೆಲೆ, ಮಾರಾಟವಾದ ಬೆಲೆ ಅಲ್ಲ. ಕೊಳ್ಳೋ ಬೆಲೆಗೆ ರಿಪೇರಿ ಖರ್ಚು ಕೂಡಿಸಿ ನೋಡಿ. ಲೆಕ್ಕಕ್ಕೆ ಹೇಳೋದಾದರೆ, ಮಾಸಿದ ಕಾರು 1.5 ಲಕ್ಷ, ಅದಕ್ಕೆ ಎಂಜಿನ್ ಕೆಲಸ 60 ಸಾವಿರ ಅಂತಿಟ್ಟುಕೊಳ್ಳಿ. ಒಟ್ಟು 2.1 ಲಕ್ಷ, ಏನು ಕೊಂಡಿರಿ ಅಂತ ಗೊತ್ತಿರುತ್ತೆ. ಹೊಳೆಯೋ ಕಾರು 3 ಲಕ್ಷ ಅಂದರೆ, ಪುಟ್ಟಿ ಕೆತ್ತಿಸಿ ತಗಡು ಹಾಕಿಸೋ ಖರ್ಚು ಎಷ್ಟು ಅಂತ ಬಿಚ್ಚೋವರೆಗೂ ಯಾರೂ ಹೇಳಲಾರರು. ಇದರ ಜೊತೆ ಮೊದಲಿನಿಂದ ಒಬ್ಬರೇ ಮಾಲೀಕರು, ಎಂವೈ ಅಂತ ಶುರುವಾಗೋ ಹಳೇ ಮೈಸೂರು ರಾಜ್ಯದ ನಂಬರು, ಕಾರಿನ ಜೊತೆಗೇ ಬಂದ ಬಂಪರು, ಮೀಟರು, ದೀಪಗಳು ಇದ್ದರೆ ಹೆಚ್ಚು ಕೊಡೋದು ನ್ಯಾಯ. ಎಂಜಿನ್ ರಿಂಗ್ ಹುಡುಕಿದರೆ ಸಿಗುತ್ತೆ, ಇವು ಹೋದರೆ ಹೋದವೇ.

ಬಣ್ಣ ಹೊಡೆಸಿದೋರೆಲ್ಲ ಮೋಸಗಾರರಾ ಅಂತ ಕೇಳಬಹುದು. ಖಂಡಿತ ಅಲ್ಲ. ಶ್ರದ್ಧೆಯಿಂದ ಮಾಡಿಸಿದೋರ ಹತ್ತಿರ ಬಣ್ಣ ಕೆರೆದು ಬರೀ ತಗಡು ಕಾಣೋವಾಗಿನ ಫೋಟೋ, ತೇಪೆ ಬೆಸುಗೆ ಹಾಕಿದ ಫೋಟೋ, ಬಿಲ್ಲು ಎಲ್ಲ ಇರುತ್ತೆ. ಕೇಳಿದರೆ ಖುಷಿಯಿಂದ ತೋರಿಸ್ತಾರೆ. ಅಂಥೋರಿಗೆ ಕೇಳಿದಷ್ಟು ಕೊಟ್ಟರೂ ತಪ್ಪಿಲ್ಲ. ನನ್ನ ತಕರಾರು ಇರೋದು ಫೋಟೋ ಇಲ್ಲದ ಹೊಳಪಿನ ಬಗ್ಗೆ. ನಾವು ಹೊಳಪಿಗೇ ದುಡ್ಡು ಸುರೀತಾ ಹೋದರೆ, ಚೆನ್ನಾಗಿರೋ ಹಳೇ ಕಾರುಗಳಿಗೂ ಪುಟ್ಟಿ ಮೆತ್ತಿ ಮಾರೋದೇ ಲಾಭ ಅಂತಾಗುತ್ತೆ. ಉಳಿದಿರೋ ಕಾರುಗಳೂ ಹಾಳಾಗೋದು ಹಾಗೇನೇ.

ಕಡೇ ಮಾತು: ಕಾರು ನೋಡೋಕೆ ಹೋಗುವಾಗ ಮೆಕ್ಯಾನಿಕ್ ಜೊತೆಗೆ, ಕಾರಿನ ಹುಚ್ಚೇ ಇಲ್ಲದ ಒಬ್ಬರನ್ನು ಕರ್ಕೊಂಡು ಹೋಗಿ. ಅಮ್ಮ ಆದರೆ ಇನ್ನೂ ಒಳ್ಳೇದು. ತರಕಾರಿ ತಿರುಗಿಸಿ ನೋಡಿ ಕೊಂಡ ಕೈ ಅದು, ಮ್ಯಾಟು ಎತ್ತಿಸದೆ ಬಿಡಲ್ಲ.