ಸೂತ್ರಧಾರನ ಅಂಕೆ, ಪಾತ್ರಧಾರಿಯ ಸ್ವಾತಂತ್ರ್ಯ

ನಾಲ್ಕೈದು ಜನ ಮೇಜಿನ ಸುತ್ತ ಕುಳಿತು, ಒಬ್ಬೊಬ್ಬರು ಒಂದೊಂದು ಪಾತ್ರವನ್ನು ವಹಿಸಿಕೊಂಡು, ಬಾಯಿಮಾತಿನಲ್ಲಿಯೇ ಕಥೆಯೊಂದನ್ನು ನಡೆಸಿಕೊಂಡು ಹೋಗುವ ಆಟವೊಂದು ಪಾಶ್ಚಾತ್ಯ ದೇಶಗಳಲ್ಲಿ ಅರ್ಧ ಶತಮಾನದಿಂದ ರೂಢಿಯಲ್ಲಿದೆ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರಚಿಸಿ ಪ್ರಕಟಪಡಿಸಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಈ ಬಗೆಯ ಆಟಗಳಿಗೆ ನಾಂದಿಯಾಯಿತು. ಇಂದು ಬೆಂಗಳೂರಿನ ತರುಣರಲ್ಲಿಯೂ ಇದರ ಅಭಿಮಾನಿಗಳುಂಟು. ಈ ಗುಂಪಿನಲ್ಲಿ ಒಬ್ಬನಿಗೆ ಮಾತ್ರ ಸ್ವಂತ ಪಾತ್ರವಿಲ್ಲ. ಕಾಡು, ಕೋಟೆ, ಮಳೆ, ಶತ್ರುಸೈನ್ಯಗಳೆಲ್ಲ ಅವನ ವಶ. ಉಳಿದವರು ತಮ್ಮ ಪಾತ್ರ ಏನು ಮಾಡುವುದೆಂದು ಹೇಳುತ್ತಾರೆ. ಅದರ ಫಲವೇನಾಯಿತೆಂದು ಅವನು ಹೇಳುತ್ತಾನೆ. ಸಂದೇಹ ಬಂದಲ್ಲಿ ದಾಳ ಉರುಳುತ್ತದೆ. ಆ ದಾಳಗಳಲ್ಲಿ ಇಪ್ಪತ್ತು ಮುಖಗಳದ್ದೂ ಒಂದು. ಇವನನ್ನು ಸೂತ್ರಧಾರನೆನ್ನೋಣ. ಇವನ ಅಂಕೆ ಎಲ್ಲಿಗೆ ಮುಗಿಯಬೇಕು, ಆಟಗಾರನ ಸ್ವಾತಂತ್ರ್ಯ ಎಲ್ಲಿಂದ ತೊಡಗಬೇಕು ಎಂಬ ಜಿಜ್ಞಾಸೆ ಆ ಆಟದ ಜೊತೆಯಲ್ಲಿಯೇ ಬೆಳೆದುಬಂದಿದೆ.

ಆಟ ಹೊರಗಿನದಾದರೂ ಪ್ರಶ್ನೆ ಹೊರಗಿನದಲ್ಲ. ಆವತಿಯ ಜನಕ್ಕೆ ಪರಿಚಿತವಾದ ಐತಿಹ್ಯವೊಂದನ್ನೇ ತೆಗೆದುಕೊಳ್ಳಬಹುದು. ರಣಭೈರೇಗೌಡನ ಪರಿವಾರವು ಕಂಚಿಯ ಸೀಮೆಯನ್ನು ತೊರೆದು ಗಾಡಿಗಳಲ್ಲಿ ಈ ಕಡೆಗೆ ಹೊರಟಾಗ ಹಿಂದೆ ಬೆನ್ನಟ್ಟಿದ ವೈರಿಗಳು, ಮುಂದೆ ತುಂಬಿ ಹರಿಯುವ ಹೊಳೆ. ಮನೆಯ ಹೆಣ್ಣುಮಗಳು ಗಂಗೆಯನ್ನು ಪ್ರಾರ್ಥಿಸಿ ತನ್ನ ಕಿವಿಯ ಆಭರಣವನ್ನು ನೀರಿಗೆ ಅರ್ಪಿಸಲು, ಹೊಳೆ ಇಬ್ಭಾಗವಾಗಿ ದಾರಿ ಬಿಟ್ಟಿತಂತೆ. ಈ ಕಥೆಯನ್ನು ಮೇಜಿನ ಮೇಲೆ ಆಡುವಾಗ ಆ ಮಗಳ ಪಾತ್ರ ವಹಿಸಿದವನು, “ಓಲೆಯನ್ನು ಕೊಡಲಾರೆ, ಹಿಂದಿರುಗಿ ವೈರಿಗಳೊಡನೆ ಮಾತನಾಡುತ್ತೇನೆ” ಎಂದನೆನ್ನೋಣ. ಸೂತ್ರಧಾರನಾದವನು ಆಗ ಏನು ಮಾಡಬೇಕು?

“ಹಾಗೆ ಮಾಡುವಂತಿಲ್ಲ” ಎಂದು ತಡೆಯಬಹುದು. ಅದು ಒರಟು ಕ್ರಮ, ಆದರೆ ಪ್ರಾಮಾಣಿಕವಾದದ್ದು. ಆಗಲೆಂದು ಒಪ್ಪಿ, ಕಥೆ ಹೋದತ್ತ ತಾನೂ ಹೋಗಬಹುದು. ಇವೆರಡಕ್ಕಿಂತ ಹೆಚ್ಚು ಬಳಕೆಯಲ್ಲಿರುವುದೂ ಹೆಚ್ಚು ಆಕ್ಷೇಪಾರ್ಹವಾದುದೂ ಮೂರನೆಯ ದಾರಿ: ಬಾಯಲ್ಲಿ ಒಪ್ಪುವುದು, ಬಳಿಕ ಮಾತುಕತೆಯನ್ನು ಉಪಾಯವಾಗಿ ಮುರಿದು, ಆಟಗಾರನನ್ನು ಮತ್ತೆ ಅದೇ ದಡಕ್ಕೆ ತಂದು ನಿಲ್ಲಿಸುವುದು. ಅನೇಕ ಸೂತ್ರಧಾರರು ತಮ್ಮ ಮುಂದೊಂದು ರಟ್ಟಿನ ಮರೆ ಇಟ್ಟುಕೊಂಡಿರುತ್ತಾರೆ. ಬೇಡವಾದ ಗರ ಬಿದ್ದರೆ ಆ ಮರೆಯಲ್ಲಿ ಬೇರೊಂದು ಸಂಖ್ಯೆಯನ್ನು ಹೇಳುವವರೂ ಇದ್ದಾರೆ. ಕಥೆ ಸೊಗಸಾಗಲೆಂಬ ಸದುದ್ದೇಶವೇ ಇದಕ್ಕೆ ಕಾರಣವೆಂಬುದು ಅವರ ಸಮಾಧಾನ. ನಮ್ಮ ಹಳ್ಳಿಯ ಜಗಲಿಯಲ್ಲಿ ಚೌಕಾಬಾರ ಆಡುವ ಅಜ್ಜಿಯರು ಈ ಸಮಾಧಾನವನ್ನು ಒಪ್ಪಲಾರರು. ಅಲ್ಲಿ ಕವಡೆ ಬೀಳುವುದು ಎಲ್ಲರ ಕಣ್ಣೆದುರಿಗೆ.

ಹಾಗಾದರೆ ಕೊನೆಯೆಂಬುದೇ ಇಲ್ಲದ ಕಥೆಯಲ್ಲಿ ಮಾತ್ರ ಆಟಗಾರನು ಸ್ವತಂತ್ರನೆ? ಹಾಗೆ ವಾದಿಸುವವರು ಕರಾವಳಿಯ ತಾಳಮದ್ದಳೆಯನ್ನು ಗಮನಿಸಬೇಕು. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಅರ್ಥಧಾರಿಗಳು ಎದುರುಬದುರಾಗಿ ಕುಳಿತು ಮಾತನಾಡುತ್ತಾರೆ. ಭಾಗವತರು ಪ್ರಸಂಗದ ಪದ್ಯವನ್ನು ಹಾಡುತ್ತಾರೆ. ಅದಕ್ಕೆ ಆಡುವ ಮಾತು ಅರ್ಥಧಾರಿಯದೇ ಸ್ವಂತ, ಆ ಕ್ಷಣದಲ್ಲಿ ಹುಟ್ಟಿದ್ದು. ಪ್ರಸಂಗದ ಕೊನೆಯನ್ನು ಬದಲಿಸುವ ಅಧಿಕಾರ ಯಾರಿಗೂ ಇಲ್ಲ. ವಾಲಿ ಸಾಯಲೇಬೇಕು, ಕರ್ಣ ಬೀಳಲೇಬೇಕು. ಆದರೂ ಶೇಣಿ ಗೋಪಾಲಕೃಷ್ಣ ಭಟ್ಟರಂಥವರು (1918–2006) ವಾಲಿಯಾಗಿ ಕುಳಿತರೆ, ಮರೆಯಲ್ಲಿ ನಿಂತು ಬಾಣ ಬಿಟ್ಟ ರಾಮನು ಉತ್ತರ ಹುಡುಕಬೇಕಾಗುತ್ತಿತ್ತು. ಸಾಯುವವನು ವಾದದಲ್ಲಿ ಗೆಲ್ಲಬಹುದು, ಕೊಂದವನು ತಲೆತಗ್ಗಿಸಬಹುದು. ಇದಕ್ಕಿಂತ ದೊಡ್ಡ ಸ್ವಾತಂತ್ರ್ಯವನ್ನು ಆ ವಿದೇಶೀ ಮೇಜು ಕೊಟ್ಟೀತೆಂದು ತೋರುವುದಿಲ್ಲ.

ಭಾಗವತರ ಅಂಕೆಯೇನೂ ಸಣ್ಣದಲ್ಲ. ಅವರನ್ನು ಮೊದಲನೆಯ ವೇಷಧಾರಿ ಎನ್ನುವ ಮಾತೇ ಇದೆ. ಯಾವ ಪದ್ಯವನ್ನು ಎತ್ತಿಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬುದು ಅವರ ವಿವೇಚನೆಗೆ ಸೇರಿದ್ದು. ಮಾತು ಹದ ಮೀರಿ ಬೆಳೆದಾಗ ಮುಂದಿನ ಪದ್ಯವನ್ನು ಎತ್ತಿದರೆ ಎಂತಹ ವಾಗ್ಮಿಯೂ ನಿಲ್ಲಿಸಲೇಬೇಕು. ಆದರೆ ಆ ಅಂಕೆ ಸಭೆಯ ನಡುವೆ, ಜಾಗಟೆಯ ಸದ್ದಿನೊಡನೆ ಪ್ರಯೋಗವಾಗುತ್ತದೆ. ಕೊನೆಯೇನೆಂದು ಅರ್ಥಧಾರಿ, ಭಾಗವತ, ಪ್ರೇಕ್ಷಕ ಮೂವರಿಗೂ ಮೊದಲೇ ಗೊತ್ತು. ಗೊತ್ತಿರುವುದರಿಂದಲೇ ಯಾರೂ ಯಾರನ್ನೂ ಮೋಸದಿಂದ ಅಲ್ಲಿಗೆ ಎಳೆಯಬೇಕಾಗಿಲ್ಲ. ಪಾಶ್ಚಾತ್ಯ ಆಟದ ತೊಡಕು ಇಲ್ಲಿಯೇ ಇರುವುದು. ಅಲ್ಲಿ ಕೊನೆಯಿಲ್ಲವೆಂದು ಸಾರಲಾಗುತ್ತದೆ, ಆದರೆ ಸೂತ್ರಧಾರನು ಒಬ್ಬನೇ ಕೊನೆಯೊಂದನ್ನು ಜೇಬಿನಲ್ಲಿ ಇಟ್ಟುಕೊಂಡಿರುತ್ತಾನೆ. ಆಟಗಾರನನ್ನು ಕಟ್ಟಿಹಾಕುವುದು ಕೊನೆಯ ನಿಶ್ಚಿತತೆಯಲ್ಲ, ಅದರ ಗುಟ್ಟು.

ಮೈಸೂರು ಸೀಮೆಯ ಮೂಡಲಪಾಯದ ಬಯಲಾಟದಲ್ಲಿ ಪರಿಸ್ಥಿತಿ ಬೇರೆ. ಅಲ್ಲಿ ಹಾಡೂ ಮಾತೂ ಬಹುಮಟ್ಟಿಗೆ ಅಭ್ಯಾಸದಲ್ಲಿ ಬಾಯಿಪಾಠವಾಗಿ ಬಂದದ್ದು. ಮನಸ್ಸಿಗೆ ಬಂದದ್ದನ್ನು ಆಡುವ ಸಲಿಗೆ ಹೆಚ್ಚಾಗಿ ಕೋಡಂಗಿಗೆ. ಬೇಸಾಯದ ನಡುವೆ ಬಿಡುವು ಮಾಡಿಕೊಂಡು ಬಣ್ಣ ಹಚ್ಚುವ ರೈತನಿಗೆ ಆ ಕಟ್ಟು ಆಸರೆಯೇ ಆಗಿದೆ. ಹೊಸಬರ ಕೈಹಿಡಿದು ನಡೆಸುವುದನ್ನು ಯಾರೂ ತಪ್ಪೆನ್ನಲಾರರು, ಹಿಡಿದ ಕೈ ಕಾಣುವಂತಿದ್ದರೆ.

ಈ ವಿಚಾರ ಉಪಾಧ್ಯಾಯರಿಗೆ ಪರಕೀಯವೇನೂ ಅಲ್ಲ. “ನಿಮ್ಮ ಅಭಿಪ್ರಾಯ ಹೇಳಿ” ಎಂದು ಕೇಳಿ, ಮನಸ್ಸಿನಲ್ಲಿ ಬರೆದಿಟ್ಟುಕೊಂಡ ಉತ್ತರ ಬರುವವರೆಗೆ ಒಬ್ಬೊಬ್ಬರನ್ನೂ ಕೂರಿಸುತ್ತ ಹೋಗುವ ಪಾಠಕ್ರಮವನ್ನು ನೋಡದವರು ಯಾರು? ಎರಡು ದಿನಗಳಲ್ಲಿ ಮಕ್ಕಳು ಅಭಿಪ್ರಾಯ ಹೇಳುವುದನ್ನು ಬಿಟ್ಟು, ಗುರುಗಳ ಮುಖಭಾವವನ್ನು ಓದಲು ಕಲಿಯುತ್ತಾರೆ.

ಆವತಿಯ ಕಥೆಯನ್ನು ತರಗತಿಯಲ್ಲಿ ಆಡಿಸುವುದು ಸುಲಭ. ಪರಿವಾರ ಇಲ್ಲಿಗೆ ಬಂದು ನೆಲೆಸಿತು. ಆ ವಂಶದ ಮಲ್ಲಭೈರೇಗೌಡ 1501ರಲ್ಲಿ ದೇವನಹಳ್ಳಿಯಲ್ಲಿ ಕೋಟೆ ಕಟ್ಟಿಸಿದನು. ಇಷ್ಟನ್ನು ಮೊದಲೇ ಕಪ್ಪುಹಲಗೆಯ ಮೇಲೆ ಬರೆದುಬಿಡಬಹುದು. ಹೊಳೆಯನ್ನು ಹೇಗೆ ದಾಟಿದರು, ಓಲೆಯನ್ನು ಯಾರು ಕೊಟ್ಟರು, ಕೊಡಲಾರೆನೆಂದವಳು ವೈರಿಗಳೊಡನೆ ಏನೆಂದು ಮಾತನಾಡಿದಳು ಎಂಬುದನ್ನು ಮಕ್ಕಳೇ ಹೇಳಲಿ. ದಾಳ ಮೇಜಿನ ನಡುವೆ ಉರುಳಲಿ.