ಸೋಪು ಮೊಬೈಲಿನಲ್ಲಿ ಸೋವಿ, ಆದರೆ ಯಾರಿಗೆ?

ಭಟ್ಕಳ, ಹೊನ್ನಾವರ, ಕುಮಟಾದ ಹಳ್ಳಿಗಳಲ್ಲಿ ಈಗ ಎಲ್ಲರ ಬಾಯಲ್ಲೂ ಒಂದೇ ಮಾತು: ‘ಅಂಗಡಿಯವ ಲೂಟಿ ಹೊಡೀತಾನೆ, ಮೊಬೈಲಲ್ಲಿ ಅರ್ಧ ದರ.’ ಹೌದಾ? ಒಮ್ಮೆ ಲೆಕ್ಕ ಹಾಕಿ ನೋಡಿ.

ಅಂಗಡಿಯಲ್ಲಿ ಸೋಪಿಗೆ 40 ರೂಪಾಯಿ ಎಂದಿಟ್ಟುಕೊಳ್ಳಿ. ಆ್ಯಪಿನಲ್ಲಿ 34 ರೂಪಾಯಿ, ಆದರೆ ಐದರ ಪ್ಯಾಕ್ ಕೊಳ್ಳಬೇಕು. ಉಳಿತಾಯ 30 ರೂಪಾಯಿ. ಡೆಲಿವರಿ ಚಾರ್ಜು 40 ಬಿದ್ದರೆ ಆ 30 ಹೋಗಿ, ಕೈಯಿಂದ ಮತ್ತೆ 10. ಚಾರ್ಜು ತಪ್ಪಿಸಲು ಬೇಡದ ಫೇಸ್‌ವಾಶ್ ಒಂದನ್ನು ಸೇರಿಸುತ್ತೇವೆ. ಕೊನೆಗೆ ಪಾರ್ಸೆಲ್‌ನವ ಫೋನ್ ಮಾಡಿ, ‘ಒಳಗೆ ಬರೋದಿಲ್ಲ, ಹೈವೇ ಕ್ರಾಸಿಗೆ ಬನ್ನಿ’ ಎನ್ನುತ್ತಾನೆ. ಆ ಬೈಕಿನ ಪೆಟ್ರೋಲ್ ಯಾರ ಲೆಕ್ಕಕ್ಕೆ?

‘ಶೇ. 40 ರಿಯಾಯಿತಿ’ ನೋಡಿ ಮರುಳಾಗಬೇಡಿ. ಎಂಆರ್‌ಪಿ ಎಂದರೆ ಗರಿಷ್ಠ ದರ, ಅದಕ್ಕಿಂತ ಕಡಿಮೆಗೆ ಯಾರು ಬೇಕಾದರೂ ಮಾರಬಹುದು. ಹೋಲಿಸಬೇಕಾದದ್ದು ಒಂದು ಗ್ರಾಂಗೆ, ಒಂದು ಮಿ.ಲೀ.ಗೆ ಎಷ್ಟು ಎಂಬುದನ್ನು. ಈಗ ಹೆಚ್ಚಿನ ಪ್ಯಾಕ್‌ಗಳ ಮೇಲೆ ಅದನ್ನೂ ಮುದ್ರಿಸಿರುತ್ತಾರೆ. ದರ ಹಳೆಯದೇ ಇಟ್ಟು ತೂಕ ಇಳಿಸುವ ಕಂಪನಿಗಳ ಆಟವೂ ಅಲ್ಲೇ ಬಯಲಾಗುತ್ತದೆ. ಶಾಂಪೂ ಸ್ಯಾಶೆ ಎಷ್ಟೋ ಸಲ ದೊಡ್ಡ ಬಾಟಲಿಗಿಂತ ಸೋವಿ. ಮಿ.ಲೀ. ಲೆಕ್ಕ ಹಾಕಿದವರಿಗೆ ಮಾತ್ರ ಅದು ಗೊತ್ತು.

ಇನ್ನು ಉದ್ರಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ದುಡಿಮೆ ನಿಂತ ಆ ಎರಡು ತಿಂಗಳು ಎಷ್ಟೋ ಮನೆಗಳಿಗೆ ಸೋಪು, ಪೇಸ್ಟು ಬರುವುದು ಅಂಗಡಿಯ ಉದ್ರಿ ಪುಸ್ತಕದಿಂದ. ಆ್ಯಪೂ ಸಾಲ ಕೊಡುತ್ತದೆ, ತಡವಾದರೆ ದಂಡ ಹಾಕುತ್ತದೆ. ಕೈಯಲ್ಲಿ ಕಾಸಿದ್ದಾಗ ಆ್ಯಪು, ಕಾಸಿಲ್ಲದಾಗ ಅಂಗಡಿ. ಇದು ನ್ಯಾಯವಲ್ಲ.

ಹಾಗಂತ ಅಂಗಡಿಯವರೇ, ನೀವೇನೂ ಸಾಚಾ ಅಲ್ಲ. 2025ರ ಸೆಪ್ಟೆಂಬರ್ 22ರಿಂದ ಸೋಪಿನ ಬಿಲ್ಲೆ, ಪೇಸ್ಟು, ಶಾಂಪೂ, ತಲೆಎಣ್ಣೆಯ ಜಿಎಸ್‌ಟಿ ಶೇ. 18ರಿಂದ 5ಕ್ಕೆ ಇಳಿಯಿತು. 100 ರೂಪಾಯಿಯದ್ದು ಸುಮಾರು 89ಕ್ಕೆ ಬರಬೇಕಿತ್ತು. ಅದಾದ ಮೇಲೂ ನಮ್ಮ ಚಿಕ್ಕಮ್ಮ ಹಳೇ ದರಕ್ಕೇ ಪೇಸ್ಟು ತಂದರು. ಕೇಳಿದರೆ ‘ಹಳೇ ಸ್ಟಾಕು’ ಎಂಬ ಉತ್ತರ. ಬಿಲ್ಲು ಕೇಳಿದರೆ ಮುಖ ಗಂಟು. ಕಂಪನಿ ಪೇಸ್ಟಿನ ಜೊತೆ ಪುಕ್ಕಟೆ ಕೊಟ್ಟ ಬ್ರಷ್ಷು ಕೆಲವು ಅಂಗಡಿಗಳಲ್ಲಿ ಬೇರೆಯಾಗಿ ಮಾರಾಟಕ್ಕೆ ಕೂರುತ್ತದೆ.

ಇನ್ನೊಂದು ಮಾತು. ಸ್ಯಾನಿಟರಿ ಪ್ಯಾಡಿಗೆ 2018ರ ಜುಲೈಯಿಂದ ಜಿಎಸ್‌ಟಿಯೇ ಇಲ್ಲ. ಆದರೂ ಅದು ನಿಮ್ಮಲ್ಲಿ ಕಪಾಟಿನ ಹಿಂದೆ. ನಾಲ್ಕು ಗಂಡಸರ ಎದುರು ಕೇಳಬೇಕು, ನೀವು ಪೇಪರಿನಲ್ಲಿ ಸುತ್ತಿ ಕೊಡಬೇಕು. ಹೆಣ್ಣುಮಕ್ಕಳು ಆ್ಯಪು ಹಿಡಿದದ್ದು ದರಕ್ಕಷ್ಟೇ ಅಲ್ಲ, ಈ ಮುಜುಗರ ತಪ್ಪಲಿ ಎಂದೂ ಹೌದು. ಪ್ಯಾಡನ್ನು ಸೋಪಿನ ಪಕ್ಕದಲ್ಲೇ ಇಡಿ. ಅದಕ್ಕೆ ಖರ್ಚೇನೂ ಇಲ್ಲವಲ್ಲ?

ಓದುಗರೇ, ಇಷ್ಟು ಮಾಡಿ. ಕೊಳ್ಳುವ ಮೊದಲು ತೂಕ ನೋಡಿ. ಡೆಲಿವರಿ ಚಾರ್ಜು ಸೇರಿಸಿಯೇ ಹೋಲಿಸಿ. ಅಂಗಡಿಯಲ್ಲಿ ಬಿಲ್ಲು ಕೇಳಿ. ಎಂಆರ್‌ಪಿಗಿಂತ ಒಂದು ರೂಪಾಯಿ ಹೆಚ್ಚು ತೆಗೆದುಕೊಂಡರೂ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಆ್ಯಪಿನ ದರ ತೋರಿಸಿ ಅಂಗಡಿಯಲ್ಲಿ ಚೌಕಾಸಿ ಮಾಡಿ. ಎರಡು ರೂಪಾಯಿ ಬಿಟ್ಟರೆ ಅಲ್ಲೇ ಕೊಳ್ಳಿ.

ಅಂಗಡಿ ಉಳಿಯಬೇಕು, ಸರಿ. ನಮ್ಮ ಜೇಬು ಕತ್ತರಿಸಿ ಉಳಿಯಬೇಕಾಗಿಲ್ಲ.