ಕಂಬಿಯ ಯಾವ ಕಡೆ ಕುರ್ಚಿ?

ಇಪ್ಪತ್ತು ವರ್ಷದ ಹಿಂದೆ ಟಿವಿ ನೋಡುತ್ತಿದ್ದವರಿಗೆ ಆ ದೃಶ್ಯ ಇನ್ನೂ ನೆನಪಿರಬೇಕು. ನಕಲಿ ಛಾಪಾ ಕಾಗದ ಹಗರಣದ ಅಬ್ದುಲ್ ಕರೀಂ ತೆಲಗಿ ಮಂಚದ ಮೇಲೆ ಅರೆ ಎಚ್ಚರದಲ್ಲಿ ಮಲಗಿದ್ದಾನೆ. ಪಕ್ಕದಿಂದ ಒಂದು ದನಿ ಪ್ರಶ್ನೆ ಕೇಳುತ್ತದೆ, ಆತ ತೊದಲುತ್ತ ಯಾರ ಯಾರದೋ ಹೆಸರು ಹೇಳುತ್ತಾನೆ. ಬೆಂಗಳೂರಿನಲ್ಲಿ ನಡೆದ ಆ ಮಂಪರು ಪರೀಕ್ಷೆಯ ತುಣುಕುಗಳು ದೇಶದ ಚಾನೆಲ್ಲುಗಳಲ್ಲೆಲ್ಲ ಓಡಿದವು. ಫೊರೆನ್ಸಿಕ್ ಸೈಕಾಲಜಿಸ್ಟ್ ಅಂದರೆ ಯಾರು ಎಂದು ಕೇಳಿದರೆ ನಮ್ಮ ಜನ ಇವತ್ತಿಗೂ ಕಣ್ಣ ಮುಂದೆ ತಂದುಕೊಳ್ಳುವುದು ಆ ದನಿಯನ್ನೇ: ಆರೋಪಿಯ ಬಾಯಿ ಬಿಡಿಸುವವರು, ಪೊಲೀಸರ ಲಾಠಿಗೆ ಬಗ್ಗದವನನ್ನು ಸೂಜಿಯಿಂದ ಬಗ್ಗಿಸುವವರು.

2010ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಈ ಆಟಕ್ಕೆ ತಡೆ ಹಾಕಿತು. ಪ್ರಕರಣದ ಹೆಸರಲ್ಲೇ ನಮ್ಮ ರಾಜ್ಯ ಇದೆ, ಸೆಲ್ವಿ ಮತ್ತು ಕರ್ನಾಟಕ ಸರ್ಕಾರ. ಮಂಪರು ಪರೀಕ್ಷೆ, ಸುಳ್ಳು ಪತ್ತೆ ಯಂತ್ರ, ಮೆದುಳಿನ ಮ್ಯಾಪಿಂಗ್ ಇವು ಯಾವುದನ್ನೂ ವ್ಯಕ್ತಿಯ ಒಪ್ಪಿಗೆ ಇಲ್ಲದೆ ಮಾಡಕೂಡದು ಎಂದು ಕೋರ್ಟು ಹೇಳಿತು. ಮಂಪರು ಪರೀಕ್ಷೆಯಲ್ಲಿ ಚುಚ್ಚುವ ಸೋಡಿಯಂ ಪೆಂಟೋಥಾಲ್ ಮನುಷ್ಯನ ನಾಲಗೆಯನ್ನು ಸಡಿಲ ಮಾಡುತ್ತದೆ, ನಿಜ. ಆದರೆ ಸಡಿಲವಾದ ನಾಲಗೆ ಆಡುವುದೆಲ್ಲ ಸತ್ಯವಲ್ಲ ಎಂಬುದು ಹೆಂಡದಂಗಡಿಯ ಮುಂದೆ ಹತ್ತು ನಿಮಿಷ ನಿಂತವರಿಗೆಲ್ಲ ಗೊತ್ತು.

ಅದೇ ಹೊತ್ತಿಗೆ, ಅದೇ ಊರಿನಲ್ಲಿ, ಇದಕ್ಕೆ ತೀರ ವಿರುದ್ಧವಾದ ಇನ್ನೊಂದು ಕೆಲಸ ನಡೆದಿತ್ತು. ಅದು ಯಾವ ಚಾನೆಲ್ಲಿನಲ್ಲೂ ಬರಲಿಲ್ಲ. ನಿಮ್ಹಾನ್ಸ್‌ನ ಸುರೇಶ್ ಬಡಾ ಮಠ್, ಪ್ರತಿಮಾ ಮೂರ್ತಿ ಮತ್ತು ಅವರ ಜೊತೆಯವರು ಪರಪ್ಪನ ಅಗ್ರಹಾರದ ಕೇಂದ್ರ ಕಾರಾಗೃಹದಲ್ಲಿ 5,024 ಬಂದಿಗಳ ಮಾನಸಿಕ ಆರೋಗ್ಯವನ್ನು ಪರೀಕ್ಷಿಸಿದರು. 2011ರಲ್ಲಿ ಪ್ರಕಟವಾದ ಅವರ ವರದಿಯ ಪ್ರಕಾರ ಅವರಲ್ಲಿ 4,002 ಮಂದಿಗೆ ಮಾನಸಿಕ ಕಾಯಿಲೆಯೋ, ಬಿಡಲಾಗದ ಚಟವೋ ಇತ್ತು. ಚಟಗಳನ್ನು ಬಿಟ್ಟು ಲೆಕ್ಕ ಹಾಕಿದರೂ 1,389 ಮಂದಿ, ಅಂದರೆ ನೂರಕ್ಕೆ 27.6ರಷ್ಟು ಜನ ಕಾಯಿಲೆಯವರು.

ಈ ಅಂಕಿಯ ಪಕ್ಕಕ್ಕೆ ಇನ್ನೊಂದು ಅಂಕಿ ಇಡಿ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ವರ್ಷವರ್ಷವೂ ಜೈಲುಗಳ ಲೆಕ್ಕ ಪ್ರಕಟಿಸುತ್ತದೆ. ದೇಶದ ಜೈಲುಗಳಲ್ಲಿ ಮಾನಸಿಕ ಅಸ್ವಸ್ಥರೆಂದು ಅದು ತೋರಿಸುವುದು ನೂರಕ್ಕೆ ಎರಡಕ್ಕಿಂತ ಕಡಿಮೆ. ಒಂದು ಕಡೆ ಎರಡೂ ಇಲ್ಲ, ಇನ್ನೊಂದು ಕಡೆ ಇಪ್ಪತ್ತೇಳು. ಯಾರೂ ಸುಳ್ಳು ಹೇಳಿಲ್ಲ. ಬ್ಯೂರೋದ ಅಂಕಿ ಜೈಲಿನ ರಿಜಿಸ್ಟರಿನಿಂದ ಬಂದದ್ದು. ರಿಜಿಸ್ಟರಿಗೆ ಹತ್ತುವುದು ಬಟ್ಟೆ ಹರಿದುಕೊಂಡವನು, ರಾತ್ರಿಯೆಲ್ಲ ಕೂಗಿದವನು, ವಾರ್ಡರನ ಮೇಲೆ ಕೈ ಮಾಡಿದವನು. ಬ್ಯಾರಕ್ಕಿನ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಮೂರು ತಿಂಗಳಿಂದ ಮಾತು ಬಿಟ್ಟವನು ಯಾರಿಗೂ ತೊಂದರೆ ಕೊಡುವುದಿಲ್ಲ. ಆದ್ದರಿಂದ ಅವನಿಗೆ ಕಾಯಿಲೆಯೂ ಇಲ್ಲ. ಜೈಲಿನ ಭಾಷೆಯಲ್ಲಿ ಅವನು ‘ಒಳ್ಳೇ ಬಂದಿ’.

ಈ ಎರಡು ಅಂಕಿಗಳ ನಡುವಿನ ಅಂತರ ತುಂಬುವುದು ಜೈಲಿನ ಮಾನಸಿಕ ಆರೋಗ್ಯದ ಸಂಶೋಧಕರ ಕೆಲಸ. ಆ ಕೆಲಸ ಮಾಡುವವರು ಯಾರ ಕಡೆಯವರು ಎಂಬುದು ನನ್ನ ಪ್ರಶ್ನೆ. ಸಂಬಳ ಕೊಡುವುದು ಸರ್ಕಾರ, ಒಳಗೆ ಬಿಡುವುದು ಸೂಪರಿಂಟೆಂಡೆಂಟ್, ವರದಿ ಕೇಳುವುದು ಕೋರ್ಟು. ಎದುರು ಕೂತವನು ಮಾತ್ರ ಏನನ್ನೂ ಕೇಳಿಲ್ಲ. ಇಡೀ ವ್ಯವಹಾರದಲ್ಲಿ ತಾನಾಗಿ ಬಾರದವನು ಅವನೊಬ್ಬನೇ.

ಆ ಕೋಣೆಯೊಳಗೆ ಒಂದು ಗಳಿಗೆ ಕೂತು ನೋಡೋಣ. ಒಂದು ಮೇಜು, ಎರಡು ಪ್ಲಾಸ್ಟಿಕ್ ಕುರ್ಚಿ, ಬಾಗಿಲಲ್ಲಿ ಒಬ್ಬ ವಾರ್ಡರ್. ಸಂಶೋಧಕಿಯ ಕೈಯಲ್ಲಿ ಪ್ರಶ್ನಾವಳಿ. ರಾತ್ರಿ ನಿದ್ದೆ ಬರುತ್ತದೆಯೆ? ಬ್ಯಾರಕ್ಕಿನಲ್ಲಿ ರಾತ್ರಿಯಿಡೀ ದೀಪ ಆರಿಸುವುದಿಲ್ಲ, ಮಗ್ಗುಲಿಗೆ ಮಗ್ಗುಲು ತಾಗಿಸಿ ಮಲಗುವಷ್ಟು ಜಾಗ. ಊಟ ಸೇರುತ್ತದೆಯೆ? ಜೈಲಿನ ಊಟ. ಮುಂದಿನ ದಿನಗಳ ಬಗ್ಗೆ ಭರವಸೆ ಇದೆಯೆ? “ಮುಂದಿನ ತಾರೀಖು ಯಾವಾಗ ಅಂತ ಹೇಳಿ ಮೇಡಂ, ಆಮೇಲೆ ಹೇಳ್ತೀನಿ” ಎಂದು ಯಾವ ವಿಚಾರಣಾಧೀನ ಬಂದಿಯಾದರೂ ಹೇಳಬಹುದು, ಹೇಳಿದರೆ ತಪ್ಪೂ ಅಲ್ಲ. ಹೊರಗಿನ ಜಗತ್ತಿನಲ್ಲಿ ಖಿನ್ನತೆಯ ಲಕ್ಷಣವೆಂದು ಪಟ್ಟಿ ಮಾಡಿಟ್ಟದ್ದರಲ್ಲಿ ಅರ್ಧ ಒಳಗೆ ದಿನಚರಿಯೇ ಆಗಿರುತ್ತದೆ. ಯಾವುದು ಕಾಯಿಲೆ, ಯಾವುದು ಜೈಲು ಎಂದು ಬೇರ್ಪಡಿಸಲು ಪ್ರಶ್ನಾವಳಿ ಸಾಲದು, ಅನುಭವ ಬೇಕು.

ಆಮೇಲೆ ಬರುತ್ತದೆ ನಿಜವಾದ ಪ್ರಶ್ನೆ. ಕಳೆದ ಒಂದು ತಿಂಗಳಲ್ಲಿ ಸತ್ತುಹೋದರೆ ಚೆನ್ನಾಗಿತ್ತು ಅನ್ನಿಸಿತ್ತೆ? ಬಂದಿ ಬಾಗಿಲಿನ ಕಡೆ ನೋಡುತ್ತಾನೆ. ಹೌದು ಅಂದರೆ ಏನಾಗುತ್ತದೆ ಎಂದು ಅವನಿಗೆ ಗೊತ್ತು. ಸಂಜೆಯೊಳಗೆ ಟವೆಲ್ಲು, ಲಾಡಿ, ಹೊದಿಕೆ ಕಿತ್ತುಕೊಂಡು ಒಂಟಿ ಸೆಲ್ಲಿಗೆ ಹಾಕುತ್ತಾರೆ, ಅವನ ಕ್ಷೇಮಕ್ಕಾಗಿಯೇ. ಬೀಡಿ ಹಂಚಿಕೊಳ್ಳುತ್ತಿದ್ದ ಗೆಳೆಯನೂ ತಪ್ಪಿಹೋದ. ಆದ್ದರಿಂದ “ಇಲ್ಲ ಮೇಡಂ, ಆರಾಮಿದೀನಿ” ಅನ್ನುತ್ತಾನೆ. ಹಾಳೆಯ ಮೇಲೆ ‘ಇಲ್ಲ’ ಎಂಬ ಕಡೆ ಗುರುತು ಬೀಳುತ್ತದೆ. 2022ರಲ್ಲಿ ದೇಶದ ಜೈಲುಗಳಲ್ಲಿ 119 ಮಂದಿ ಆತ್ಮಹತ್ಯೆ ಮಾಡಿಕೊಂಡರು. ಜೈಲಿನ ಅಸಹಜ ಸಾವುಗಳಲ್ಲಿ ಎಲ್ಲಕ್ಕಿಂತ ದೊಡ್ಡ ಪಾಲು ಇದರದೇ.

ಬಾಗಿಲಲ್ಲಿ ವಾರ್ಡರ್ ನಿಂತಿರುವವರೆಗೆ ಆ ಕೋಣೆಯಲ್ಲಿ ವಿಜ್ಞಾನ ಹುಟ್ಟುವುದಿಲ್ಲ ಎನ್ನುತ್ತೇನೆ ನಾನು. ಇದು ಬರೀ ಕರುಣೆಯ ಮಾತಲ್ಲ, ಲೆಕ್ಕದ ಮಾತು. ಹೇಳಿದ ಮಾತು ಜೈಲಧಿಕಾರಿಯ ಕಿವಿಗೆ ಹೋಗುತ್ತದೆ ಎಂಬ ಅನುಮಾನ ಇರುವಲ್ಲಿ ಬರುವ ಉತ್ತರವೂ ಜೈಲಧಿಕಾರಿಗೆ ಬೇಕಾದ ಉತ್ತರವೇ. ಹಾಗೆ ಕೂಡಿಹಾಕಿದ ಅಂಕಿಯನ್ನು ಎಷ್ಟು ದೊಡ್ಡ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದರೂ ಅದು ರಿಜಿಸ್ಟರಿನ ನಕಲು.

ಸಂಶೋಧನೆಯ ಹೆಸರಿನಲ್ಲಿ ಬಂದಿಗಳನ್ನು ಬಳಸಿಕೊಂಡ ಚರಿತ್ರೆಯೂ ಸಣ್ಣದಲ್ಲ. ಅಮೆರಿಕದ ಫಿಲಡೆಲ್ಫಿಯಾದ ಹೋಮ್ಸ್‌ಬರ್ಗ್ ಜೈಲಿನಲ್ಲಿ 1951ರಿಂದ 1974ರವರೆಗೆ ಚರ್ಮವೈದ್ಯ ಆಲ್ಬರ್ಟ್ ಕ್ಲಿಗ್‌ಮನ್ ಬಂದಿಗಳ ಮೈಮೇಲೆ ಪ್ರಯೋಗ ನಡೆಸಿದ. ಬಂದಿಗಳು ಸಹಿ ಹಾಕಿದ್ದರು, ಚಿಲ್ಲರೆ ಕಾಸೂ ಸಿಕ್ಕಿತ್ತು. ಬೇರೆ ಸಂಪಾದನೆಯೇ ಇಲ್ಲದವನ ಸಹಿಯನ್ನು ಒಪ್ಪಿಗೆ ಅನ್ನಬಹುದೆ ಎಂದು ಕೇಳಿಕೊಳ್ಳಲು ಆ ದೇಶಕ್ಕೆ ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಬೇಕಾಯಿತು. ಮನಶ್ಶಾಸ್ತ್ರಜ್ಞರೇನೂ ಚರ್ಮವೈದ್ಯರಿಗಿಂತ ಮೇಲಲ್ಲ. ಬಂಧಿತರ ವಿಚಾರಣೆಗೆ ಅನುಕೂಲವಾಗುವಂತೆ ತಮ್ಮ ನೀತಿಸಂಹಿತೆಯನ್ನೇ ಸಡಿಲವಾಗಿಡಲು ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘದ ಪ್ರಮುಖರು ರಕ್ಷಣಾ ಇಲಾಖೆಯೊಡನೆ ಕೈಜೋಡಿಸಿದ್ದರು ಎಂದು 2015ರ ಹಾಫ್‌ಮನ್ ವರದಿ ಹೇಳಿತು. ಮನಸ್ಸನ್ನು ಬಲ್ಲವರಿಗೆ ಅದನ್ನು ಮುರಿಯುವ ದಾರಿಯೂ ಗೊತ್ತಿರುತ್ತದಲ್ಲ.

“ಅವರೆಲ್ಲ ಹುಚ್ಚಿನ ನಾಟಕ ಮಾಡ್ತಾರೆ ಸ್ವಾಮಿ” ಎಂಬುದು ಜೈಲಿನ ಮಾನಸಿಕ ಆರೋಗ್ಯದ ಮಾತೆತ್ತಿದಾಗ ತಪ್ಪದೆ ಬರುವ ಆಕ್ಷೇಪ. ಇದನ್ನು ತಳ್ಳಿಹಾಕುವಂತಿಲ್ಲ. ನಾಟಕ ಮಾಡುವವರು ಇದ್ದೇ ಇದ್ದಾರೆ. ಬುದ್ಧಿ ಸ್ವಾಧೀನದಲ್ಲಿಲ್ಲದೆ ಮಾಡಿದ ಕೃತ್ಯ ಅಪರಾಧವಲ್ಲ ಎಂದು ಹಳೆಯ ದಂಡ ಸಂಹಿತೆಯ 84ನೇ ಸೆಕ್ಷನ್ ಹೇಳುತ್ತಿತ್ತು, ಈಗಿನ ಭಾರತೀಯ ನ್ಯಾಯ ಸಂಹಿತೆಯ 22ನೇ ಸೆಕ್ಷನ್ನೂ ಅದನ್ನೇ ಹೇಳುತ್ತದೆ. ಇಷ್ಟು ದೊಡ್ಡ ಬಾಗಿಲು ಇರುವಾಗ ತಟ್ಟಿ ನೋಡುವವರು ಇಲ್ಲದೆ ಇರುತ್ತಾರೆಯೆ?

ಆದರೆ ನಾಟಕ ಎಲ್ಲಿ ಮುಗಿದು ಕಾಯಿಲೆ ಎಲ್ಲಿ ಶುರುವಾಗುತ್ತದೆ ಎಂಬುದು ವಾರ್ಡರ್ ತಿಳಿದಷ್ಟು ಸಲೀಸಲ್ಲ. ಜರ್ಮನಿಯ ವೈದ್ಯ ಗಾನ್ಸರ್ 1898ರಲ್ಲಿ ಕೆಲವು ಬಂದಿಗಳ ವಿಚಿತ್ರ ವರ್ತನೆಯ ಬಗ್ಗೆ ಬರೆದ. ಅಂಥವರನ್ನು ಕುದುರೆಗೆ ಎಷ್ಟು ಕಾಲು ಎಂದು ಕೇಳಿದರೆ ಐದು ಅನ್ನುತ್ತಾರೆ. ಎರಡಕ್ಕೆ ಎರಡು ಕೂಡಿಸಿದರೂ ಐದೇ. ಹತ್ತು ಅನ್ನುವುದಿಲ್ಲ, ಮರ ಅನ್ನುವುದಿಲ್ಲ. ಸರಿ ಉತ್ತರದ ಪಕ್ಕದ ಮನೆಗೆ ಹೋಗಿ ಕೂರುತ್ತಾರೆ. ಪಕ್ಕದ ಉತ್ತರ ಕೊಡಬೇಕಾದರೆ ಸರಿ ಉತ್ತರ ಒಳಗೆಲ್ಲೋ ಗೊತ್ತಿರಲೇಬೇಕು. ಹಾಗಾದರೆ ಇದು ಕಳ್ಳಾಟವೆ? ಗಾನ್ಸರ್‌ಗೆ ಹಾಗನ್ನಿಸಲಿಲ್ಲ. ತಡೆಯಲಾರದ ಒತ್ತಡದಲ್ಲಿ ಮನಸ್ಸು ತನಗೂ ತಿಳಿಯದಂತೆ ಹೂಡುವ ಆಟ ಇದು ಎಂದು ಅವನು ಕಂಡ. ನೂರಿಪ್ಪತ್ತು ವರ್ಷ ಕಳೆದರೂ ಆ ವಾದ ಬಗೆಹರಿದಿಲ್ಲ. ಶತಮಾನದ ಜಗಳವನ್ನು ಬಾಗಿಲಲ್ಲಿ ನಿಂತವನು ಒಂದು ನೋಟದಲ್ಲಿ ತೀರ್ಮಾನಿಸುತ್ತಾನೆ, ನಾವೂ ತಲೆಯಾಡಿಸುತ್ತೇವೆ.

ಅಪರಾಧ ಮಾಡಿದವರಿಗೆ ಇಷ್ಟೆಲ್ಲ ಯಾಕೆ ಎಂಬ ಇನ್ನೊಂದು ಆಕ್ಷೇಪಕ್ಕೆ ಉದ್ದದ ಉತ್ತರ ಬೇಡ. 2022ರ ಲೆಕ್ಕದಂತೆ ಜೈಲಿನಲ್ಲಿದ್ದ ನಾಲ್ವರಲ್ಲಿ ಮೂವರು ವಿಚಾರಣಾಧೀನರು, ಅಪರಾಧ ಮಾಡಿದ್ದಾರೆಂದು ಇನ್ನೂ ಸಾಬೀತಾಗದವರು. ಸಾಬೀತಾದವರ ಶಿಕ್ಷೆಯೂ ಸ್ವಾತಂತ್ರ್ಯ ಕಳೆದುಕೊಳ್ಳುವುದಷ್ಟೇ. ಚಿತ್ತ ಕಳೆದುಕೊಳ್ಳಬೇಕೆಂದು ಯಾವ ನ್ಯಾಯಾಧೀಶರೂ ತೀರ್ಪು ಬರೆದಿಲ್ಲ. ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿ ವರ್ಷಗಟ್ಟಲೆ ಒಂಟಿ ಸೆರೆಯಲ್ಲಿದ್ದ ಮರಣದಂಡನೆಯ ಕೈದಿ ಬಿ.ಎ. ಉಮೇಶ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2022ರ ನವೆಂಬರಿನಲ್ಲಿ ಗಲ್ಲನ್ನು ಜೈಲುವಾಸಕ್ಕೆ ಇಳಿಸಿತು. ಅವನ ಅಪರಾಧ ಘೋರವಾದದ್ದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಒಂಟಿ ಸೆರೆಗೆ ಕಾನೂನಿನ ಒಪ್ಪಿಗೆ ಇರಲಿಲ್ಲ, ಅದು ಅವನ ಮೇಲೆ ದುಷ್ಪರಿಣಾಮ ಮಾಡಿದೆ ಎಂದು ಕೋರ್ಟು ಕಂಡಿತು.

ಈಗ ಈ ವೃತ್ತಿಗೆ ಬರಬೇಕೆನ್ನುವ ಹುಡುಗ ಹುಡುಗಿಯರ ಮಾತು. ಕ್ರೈಂ ಸೀರಿಯಲ್ಲುಗಳ ಪುಣ್ಯದಿಂದ ಅವರ ಸಂಖ್ಯೆ ಕಡಿಮೆಯೇನಿಲ್ಲ. ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಕ್ಯಾಂಪಸ್ಸು ಧಾರವಾಡಕ್ಕೂ ಬಂದಿದೆ. ಓದು ಸಿಗುತ್ತದೆ, ಕೆಲಸ ಎಲ್ಲಿ? ಪ್ರತಿ 500 ಬಂದಿಗಳಿಗೆ ಒಬ್ಬ ಮನಶ್ಶಾಸ್ತ್ರಜ್ಞರಿರಬೇಕೆಂದು 2016ರ ಮಾದರಿ ಕಾರಾಗೃಹ ಕೈಪಿಡಿ ಹೇಳುತ್ತದೆ. ದೇಶದ ಐದೂಮುಕ್ಕಾಲು ಲಕ್ಷ ಬಂದಿಗಳಿಗೆ ಇರುವ ಮನಶ್ಶಾಸ್ತ್ರಜ್ಞರು, ಮನೋವೈದ್ಯರು ಎಲ್ಲ ಸೇರಿ 25 ಮಂದಿ ಎಂದು 2025ರ ಇಂಡಿಯಾ ಜಸ್ಟೀಸ್ ರಿಪೋರ್ಟ್ ಲೆಕ್ಕ ಕೊಟ್ಟಿತು. ತಲೆಗೆ ಹೆಚ್ಚುಕಡಿಮೆ 23,000 ಬಂದಿಗಳು. ಇಷ್ಟು ತೆಳ್ಳಗಿನ ವೃತ್ತಿಯಲ್ಲಿ ಆಗುವುದೇನೆಂದರೆ, ಚಿಕಿತ್ಸೆ ಕೊಡುವವರೂ, ಕೋರ್ಟಿಗೆ ವರದಿ ಬರೆಯುವವರೂ, ಜೈಲಿನ ಶಿಸ್ತಿನ ವಿಚಾರದಲ್ಲಿ ಅಭಿಪ್ರಾಯ ಹೇಳುವವರೂ ಒಬ್ಬರೇ ಆಗುತ್ತಾರೆ. ಬೆಳಗ್ಗೆ ನಂಬಿ ಹೇಳಿದ್ದು ಸಂಜೆ ಕಡತ ಸೇರುತ್ತದೆ.

ಇದಕ್ಕೆ ಮದ್ದಿಲ್ಲದೆ ಇಲ್ಲ. ಶಿಕ್ಷೆ ವಿಧಿಸುವುದರಲ್ಲಿ ಜೈಲಿನ ವೈದ್ಯಕೀಯ ಸಿಬ್ಬಂದಿಯ ಪಾತ್ರವೇ ಇರಕೂಡದು ಎಂದು ವಿಶ್ವಸಂಸ್ಥೆ 2015ರಲ್ಲಿ ಒಪ್ಪಿದ ನೆಲ್ಸನ್ ಮಂಡೇಲಾ ನಿಯಮಗಳು ಹೇಳುತ್ತವೆ. ನಾರ್ವೆ 1988ರಲ್ಲಿ, ಫ್ರಾನ್ಸ್ 1994ರಲ್ಲಿ ಜೈಲಿನ ಆರೋಗ್ಯ ಸೇವೆಯನ್ನು ಆರೋಗ್ಯ ಇಲಾಖೆಯ ಕೈಗೆ ಕೊಟ್ಟವು. ಒಂದು ರಾತ್ರಿಯಲ್ಲಿ ಎಲ್ಲ ಸರಿಹೋಗದಿದ್ದರೂ, ಮನಶ್ಶಾಸ್ತ್ರಜ್ಞರ ಮೇಲಧಿಕಾರಿ ಜೈಲರ್ ಅಲ್ಲ ಎಂಬಷ್ಟಾದರೂ ಗಟ್ಟಿಯಾಗುತ್ತದೆ. ನಮ್ಮ 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರತಿ ರಾಜ್ಯದಲ್ಲಿ ಕನಿಷ್ಠ ಒಂದು ಜೈಲಿನ ವೈದ್ಯಕೀಯ ವಿಭಾಗದಲ್ಲಿ ಮಾನಸಿಕ ಚಿಕಿತ್ಸಾ ವ್ಯವಸ್ಥೆ ಇರಬೇಕೆನ್ನುತ್ತದೆ. ಇಷ್ಟು ಸಾಲದು. ಆ ವ್ಯವಸ್ಥೆಯ ಬೀಗದ ಕೈ ಯಾರ ಬಳಿ ಇರಬೇಕು ಎಂಬುದೂ ತೀರ್ಮಾನವಾಗಬೇಕು. ಬೆಂಗಳೂರಿನ ಫ್ರೀಡಂ ಪಾರ್ಕಿಗೆ ಹೋದವರು ಹಳೇ ಸೆಂಟ್ರಲ್ ಜೈಲಿನ ಕಾವಲು ಗೋಪುರ ನೋಡಿರುತ್ತೀರಿ. ಎಲ್ಲರನ್ನೂ ಕಾಣಲು ಕಟ್ಟಿದ್ದು. ಯಾರ ಮಾತನ್ನೂ ಕೇಳಲು ಕಟ್ಟಿದ್ದಲ್ಲ.

ಸಂಶೋಧಕರ ಮೇಲೂ ಒಂದು ಹೊಣೆ ಇದೆ. ಕಾಯಿಲೆ ಇದೆ ಎಂದು ಎಣಿಸಿದ ಮೇಲೆ ಆ ಮನುಷ್ಯನಿಗೆ ಮಾತ್ರೆ ಸಿಕ್ಕಿತೆ, ಗುಣವಾಗಿದೆ ಎಂದು ಬರೆದ ಮೇಲೆ ಅವನು ಹೊರಗೆ ಬಂದನೆ ಎಂದು ಬೆನ್ನು ಹತ್ತಿ ನೋಡದಿದ್ದರೆ ಅವರ ಹಾಳೆಯೂ ಕಡತದ ಇನ್ನೊಂದು ಹಾಳೆ. ಅಸ್ಸಾಮಿನ ಮಚಾಂಗ್ ಲಾಲುಂಗ್ ಎಂಬಾತನನ್ನು 1951ರಲ್ಲಿ, ಅವನಿಗೆ ಇಪ್ಪತ್ತಮೂರು ವರ್ಷವಿದ್ದಾಗ ಹಿಡಿದರು. ತಲೆ ಸರಿಯಿಲ್ಲವೆಂದು ತೇಜ್‌ಪುರದ ಮಾನಸಿಕ ಆಸ್ಪತ್ರೆಗೆ ಸೇರಿಸಿದರು. ವಿಚಾರಣೆ ನಡೆಯಲೇ ಇಲ್ಲ. ಗುಣವಾಗಿದ್ದಾನೆ ಎಂದು ವೈದ್ಯರು ಬರೆದುಕೊಟ್ಟರು. ಬಿಡುವ ಬದಲು ಗುವಾಹಟಿಯ ಜೈಲಿಗೆ ಕಳಿಸಿದರು. ಕೊನೆಗೆ ಒಂದು ರೂಪಾಯಿಯ ಬಾಂಡಿನ ಮೇಲೆ ಅವನನ್ನು ಬಿಟ್ಟರು. ವೈದ್ಯರು ಬರೆದುಕೊಟ್ಟದ್ದು 1967ರಲ್ಲಿ, ಬಾಗಿಲು ತೆರೆದದ್ದು 2005ರಲ್ಲಿ.